ಕುವಾನ್ ಜಲಸಂಧಿಯ ಎರಡು ದೋಣಿಗಳು: ಟಿಕೆಟ್ ತೆಗೆಯುವ ಮೊದಲು ತಿಥಿ ನೋಡಿ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಓಬನ್ ಪೇಟೆಯಿಂದ ದಕ್ಷಿಣಕ್ಕೆ ಹೊರಟ ರಸ್ತೆ ಮುಕ್ಕಾಲು ಗಂಟೆಯಲ್ಲಿ ನೇರ ಸಮುದ್ರಕ್ಕೆ ಇಳಿದು ಮುಗಿದುಹೋಗುತ್ತದೆ. ಎದುರಿಗೆ ಸುಮಾರು 200 ಮೀಟರ್ ಅಗಲದ ನೀರು. ಆಚೆ ದಡದಲ್ಲಿ ಅಂಥದೇ ಇನ್ನೊಂದು ಇಳಿಜಾರು, ಅಲ್ಲಿಂದ ಮತ್ತೆ ರಸ್ತೆ. ಈಚೆಗಿರುವುದು ಸೀಲ್ ದ್ವೀಪ. ಆಚೆಯದನ್ನು ನಕ್ಷೆಯ ಅಕ್ಷರ ನೋಡಿ ನಾವು ಲೂಯಿಂಗ್ ಎಂದು ಓದುತ್ತೇವೆ, ಊರಿನವರ ಬಾಯಲ್ಲಿ ಅದು ‘ಲಿಂಗ್’. ನಡುವಿನ ಈ ನೀರಿನ ಓಣಿಯೇ ಕುವಾನ್ ಜಲಸಂಧಿ. ಗೇಲಿಕ್ ಭಾಷೆಯಲ್ಲಿ ಕುವಾನ್ ಎಂದರೆ ಸಾಗರ. ಕೂಗಿದರೆ ಆಚೆ ದಡಕ್ಕೆ ಕೇಳಿಸುವಷ್ಟು ಅಗಲದ ನೀರಿಗೆ ಸಾಗರ ಎಂಬ ಹೆಸರು ಯಾಕೆ ಎಂದು ನಗುವವರು, ದೊಡ್ಡ ಉಬ್ಬರದ ದಿನ ಮಧ್ಯಾಹ್ನ ಆ ಇಳಿಜಾರಿನಲ್ಲಿ ಹತ್ತು ನಿಮಿಷ ನಿಂತರೆ ನಗು ನಿಲ್ಲಿಸುತ್ತಾರೆ.

ಇಲ್ಲಿ ಪ್ರವಾಸಿಗರಿಗೆ ಎರಡು ಬಗೆಯ ದೋಣಿ ಸವಾರಿ ಸಿಗುತ್ತದೆ. ಒಂದು, ಆರ್ಗೈಲ್ ಆಂಡ್ ಬ್ಯೂಟ್ ಕೌನ್ಸಿಲ್ ನಡೆಸುವ ಕುವಾನ್ ಫೆರಿ. ಕಾರು, ವ್ಯಾನು, ಟ್ರ್ಯಾಕ್ಟರು, ಶಾಲೆಯ ಮಕ್ಕಳು, ಅಂಚೆ ಎಲ್ಲವನ್ನೂ ದಾಟಿಸುವ ದಿನನಿತ್ಯದ ದೋಣಿ ಇದು. ಇನ್ನೊಂದು, ಸೀಲ್ ದ್ವೀಪದ ಪಶ್ಚಿಮ ದಡದ ಎಲೆನಬೀಚ್ ಊರಿನಿಂದ ಹೊರಡುವ ರಿಬ್ ದೋಣಿಯ ಟ್ರಿಪ್. ಅಡಿಗೆ ಗಟ್ಟಿ ಹಲಗೆ, ಸುತ್ತ ಗಾಳಿ ತುಂಬಿದ ರಬ್ಬರ್ ಕೊಳವೆ, ಹಿಂದೆ ದೊಡ್ಡ ಎಂಜಿನ್. ಬೂದು ನಾಯಿ ಎಂಬ ಹೆಸರಿನ ಗ್ರೇ ಡಾಗ್ಸ್ ಜಲಸಂಧಿಯನ್ನೂ ಕಾರಿವ್ರೆಕನ್ ಸುಳಿಯನ್ನೂ ತೋರಿಸಿ ಎರಡು ಗಂಟೆಯ ಆಸುಪಾಸಿನಲ್ಲಿ ವಾಪಸ್ ತರುತ್ತಾರೆ. ಮೊದಲನೆಯದು ಬಸ್ ಟಿಕೆಟ್ಟಿನ ಲೆಕ್ಕದ ಸವಾರಿ, ಎರಡನೆಯದು ಜೇಬಿಗೆ ಚೆನ್ನಾಗಿಯೇ ತಟ್ಟುತ್ತದೆ. ಎರಡಕ್ಕೂ ಯಜಮಾನ ಒಬ್ಬನೇ: ಉಬ್ಬರ-ಇಳಿತದ ಗಡಿಯಾರ. ಅದನ್ನು ನೋಡದೆ ರಿಬ್ ಟಿಕೆಟ್ ತೆಗೆದರೆ, ದುಬಾರಿ ಹಣ ಕೊಟ್ಟು ಎರಡು ಗಂಟೆ ಸಪಾಟು ನೀರನ್ನು ನೋಡಿ ಬರುವ ಸಾಧ್ಯತೆ ಚೆನ್ನಾಗಿದೆ. ಅದನ್ನು ನೋಡಿ ಹೋದರೆ, ಅಗ್ಗದ ಫೆರಿಯೂ ಒಂದು ಪಾಠ ಹೇಳಿ ಕಳಿಸುತ್ತದೆ.

ಮೊದಲು ನೀರಿನ ವಿಷಯ ತಿಳಿಯಬೇಕು. ನಮ್ಮ ಕರಾವಳಿಯ ಅಳಿವೆ ನೋಡಿ ಬೆಳೆದವರಿಗೆ ಇಲ್ಲಿನ ಲೆಕ್ಕ ತಲೆಕೆಳಗು. ನಮ್ಮಲ್ಲಿ ಉಬ್ಬರವೆಂದರೆ ಕಡಲ ನೀರು ಒಳಗೆ ನುಗ್ಗುವುದು. ಕುವಾನಿನಲ್ಲಿ ಉಬ್ಬರದ ಸೆಳವು ಒಳಗಿನಿಂದ ಹೊರಗೆ, ತೆರೆದ ಕಡಲಿನ ಕಡೆಗೆ ಓಡುತ್ತದೆ. ಕಾರಣ, ದಕ್ಷಿಣದಿಂದ ಬರುವ ಉಬ್ಬರದ ಅಲೆ ಜೂರಾ ದ್ವೀಪದ ಪೂರ್ವ ಬದಿಯ ಕಾಲುವೆಯಂಥ ಸಮುದ್ರದಲ್ಲಿ ಮೇಲಕ್ಕೇರುತ್ತ ಬರುತ್ತದೆ. ಪಶ್ಚಿಮಕ್ಕೆ ದ್ವೀಪಗಳ ಸಾಲು ಬೇಲಿಯಂತೆ ನಿಂತಿದೆ. ಆ ಬೇಲಿಯಲ್ಲಿ ಮೂರು ಕಂಡಿ: ಜೂರಾ–ಸ್ಕಾರ್ಬಾ ನಡುವೆ ಕಾರಿವ್ರೆಕನ್, ಸ್ಕಾರ್ಬಾ–ಲುಂಗಾ ನಡುವೆ ಗ್ರೇ ಡಾಗ್ಸ್, ಲಿಂಗ್–ಸೀಲ್ ನಡುವೆ ಕುವಾನ್. ಬೇಲಿಯ ಎರಡು ಬದಿಯಲ್ಲಿ ನೀರು ಏರಿಳಿಯುವ ಪ್ರಮಾಣವೇ ಬೇರೆ. ಕಾರಿವ್ರೆಕನ್ನಿನ ಪೂರ್ವ ತುದಿಯಲ್ಲಿ ದೊಡ್ಡ ಉಬ್ಬರದ ದಿನ ನೀರು ಏರಿಳಿಯುವುದು ಸುಮಾರು 1.5 ಮೀಟರ್, ಪಶ್ಚಿಮ ತುದಿಯಲ್ಲಿ 3.4 ಮೀಟರ್. ಪೂರ್ವದಲ್ಲಿ ಉಬ್ಬರದ ತುದಿ, ಅಂದರೆ ನೀರು ಅತಿ ಎತ್ತರಕ್ಕೆ ಮುಟ್ಟುವ ಹೊತ್ತು, ಅರ್ಧ ಗಂಟೆ ಬೇಗ ಬರುತ್ತದೆ ಬೇರೆ. ಹಾಗಾಗಿ ದಿನದಲ್ಲಿ ನಾಲ್ಕು ಸಲ ಬೇಲಿಯ ಒಂದು ಬದಿಯ ಕಡಲು ಇನ್ನೊಂದು ಬದಿಗಿಂತ ಹೆಚ್ಚುಕಡಿಮೆ ಆಳೆತ್ತರದ ಅರ್ಧದಷ್ಟು ಮೇಲೆ ನಿಲ್ಲುತ್ತದೆ. ಗದ್ದೆಯ ಬದುವಿಗೆ ಗುದ್ದಲಿ ಹಾಕಿದರೆ ಮೇಲಿನ ಗದ್ದೆಯ ನೀರು ಕೆಳಗಿನದಕ್ಕೆ ಹೇಗೆ ನುಗ್ಗುತ್ತದೋ ಹಾಗೆಯೇ ಇದು.

ವೇಗ ಎಷ್ಟು? ಕುವಾನಿನಲ್ಲಿ ದೊಡ್ಡ ಉಬ್ಬರದ ದಿನ 7 ನಾಟ್, ಅಂದರೆ ಗಂಟೆಗೆ 13 ಕಿಲೋಮೀಟರ್. ಕಾರಿವ್ರೆಕನ್ನಿನಲ್ಲಿ ಪಶ್ಚಿಮಕ್ಕೆ 8.5 ನಾಟ್, ಸುಮಾರು 16 ಕಿಲೋಮೀಟರ್. ಓದುವಾಗ ಸಣ್ಣ ಅಂಕಿ. ಆದರೆ ಇದು ನೀರಿನ ಮೇಲೆ ಹೋಗುವ ದೋಣಿಯ ವೇಗವಲ್ಲ, ಇಡೀ ನೀರೇ ಹೋಗುವ ವೇಗ. ಹುಟ್ಟು ಹಾಕುವ ಕಯಾಕಿನವರಿಗೆ, ಸಣ್ಣ ಎಂಜಿನ್ನಿನ ಹಾಯಿದೋಣಿಯವರಿಗೆ ಇದಕ್ಕೆ ಎದುರಾಗಿ ಹೋಗುವುದು ಸಾಧ್ಯವಿಲ್ಲ. ಪೂರ್ತಿ ಎಂಜಿನ್ ಕೊಟ್ಟೂ ದಡದ ಬಂಡೆ ನಿಧಾನವಾಗಿ ಮುಂದಕ್ಕೆ ಜರುಗುತ್ತ ಹೋಗುವುದು ಕಾಣಿಸುತ್ತದೆ.

ಈಗ ಫೆರಿಯನ್ನೇ ನೋಡೋಣ. ಸಿಗಂದೂರಿನ ಲಾಂಚ್ ಕಂಡವರಿಗೆ ದೋಣಿಯ ಮೇಲೆ ಕಾರು ಏರಿಸುವುದು ಹೊಸದಲ್ಲ. ಆದರೆ ಶರಾವತಿಯ ಹಿನ್ನೀರು ನಿಂತ ನೀರು, ಇದು ಓಡುವ ನೀರು. ದೋಣಿಯ ಹೆಸರು ಬೆಲ್ನಾಹುವಾ, 1972ರಲ್ಲಿ ಕ್ಯಾಂಪ್‌ಬೆಲ್‌ಟೌನ್‌ನಲ್ಲಿ ಕಟ್ಟಿದ್ದು. ಪಕ್ಕದ ಒಂದು ಪಾಳುಬಿದ್ದ ಸ್ಲೇಟು ಗಣಿಯ ದ್ವೀಪದ ಹೆಸರನ್ನೇ ಇದಕ್ಕಿಟ್ಟಿದ್ದಾರೆ. ಬೆರಳೆಣಿಕೆಯ ಕಾರು ಹಿಡಿಯುತ್ತದೆ, ದಾಟಲು ಕೆಲವೇ ನಿಮಿಷ. ಹಗಲಿನಲ್ಲಿ ಸರಿಸುಮಾರು ಅರ್ಧ ಗಂಟೆಗೊಮ್ಮೆ ಓಡಾಟವಿರುತ್ತದೆ. ಸಂಜೆಯಾದ ಮೇಲೆ ಕಾರಿಗೆ ಜಾಗವಿಲ್ಲ. ಜನರನ್ನಷ್ಟೇ ದಾಟಿಸುವ ಸಣ್ಣ ದೋಣಿ ಮಾತ್ರ ಇರುತ್ತದೆ. ಭಾನುವಾರದ ವೇಳಾಪಟ್ಟಿಯೇ ಬೇರೆ.

ಇದರ ಮೇಲೆ ನಿಂತು ನೋಡಬೇಕಾದದ್ದು ಒಂದೇ: ದೋಣಿಯ ಮೂತಿ ಯಾವ ಕಡೆಗಿದೆ ಎಂಬುದು. ಸೆಳವು ಜೋರಿದ್ದಾಗ ಮೂತಿ ಆಚೆ ದಡದ ಇಳಿಜಾರಿನ ಕಡೆಗೆ ಇರುವುದೇ ಇಲ್ಲ. ಅದು ಓರೆಯಾಗಿ, ನೀರು ಬರುವ ದಿಕ್ಕಿಗೆ ಮುಖಮಾಡಿರುತ್ತದೆ. ಏಡಿ ನಡೆದಂತೆ ದೋಣಿ ಅಡ್ಡಡ್ಡ ಸಾಗುತ್ತದೆ. ಲೆಕ್ಕ ಸುಲಭ. ಒಂದು ದೋಣಿಯ ವೇಗ 8 ನಾಟ್, ಸೆಳವು 5 ನಾಟ್ ಎಂದುಕೊಳ್ಳಿ. ಕೊಚ್ಚಿಹೋಗದೆ ನೇರ ದಾಟಬೇಕಾದರೆ ಮೂತಿಯನ್ನು ಸುಮಾರು 39 ಡಿಗ್ರಿ ಸೆಳವಿನತ್ತ ತಿರುಗಿಸಬೇಕು. ಆಗ ದಾಟಲು ಉಳಿಯುವ ವೇಗ ಆರೂಕಾಲು ನಾಟ್. ಸೆಳವು 7 ನಾಟ್‌ಗೆ ಏರಿದರೆ ಮೂತಿ 61 ಡಿಗ್ರಿ ತಿರುಗಬೇಕು, ಉಳಿಯುವುದು ನಾಲ್ಕು ನಾಟ್‌ಗಿಂತ ಕಡಿಮೆ. ಅಂದರೆ ದೋಣಿಯ ಶಕ್ತಿಯ ಬಹುಪಾಲು ಇದ್ದಲ್ಲೇ ಇರುವುದಕ್ಕೇ ಖರ್ಚಾಗುತ್ತದೆ. ಇನ್ನೂ ಕಷ್ಟದ್ದು ದಡ ಮುಟ್ಟುವ ಕೊನೆಯ ಹತ್ತು ಮೀಟರ್. ದಡದ ಮಗ್ಗುಲಲ್ಲಿ ಸೆಳವು ಕುಗ್ಗುತ್ತದೆ, ಕೆಲವೆಡೆ ಹಿಮ್ಮುಖ ಸುತ್ತುತ್ತದೆ. ಜೋರು ನೀರಿನಿಂದ ನಿಧಾನ ನೀರಿಗೆ ಮೂತಿ ಹೊಕ್ಕ ಕ್ಷಣ ಹಿಂಭಾಗ ಇನ್ನೂ ಜೋರು ನೀರಿನಲ್ಲೇ ಇರುವುದರಿಂದ ದೋಣಿ ತಿರುಗಲು ನೋಡುತ್ತದೆ. ಚುಕ್ಕಾಣಿ ಹಿಡಿದವನು ಅದಕ್ಕಿಂತ ಅರೆಗಳಿಗೆ ಮೊದಲೇ ಕೈ ತಿರುಗಿಸಿರುತ್ತಾನೆ. ಅವನ ಕೈ ನೋಡುತ್ತ ನಿಂತರೆ ಟಿಕೆಟ್ಟಿನ ದುಡ್ಡು ಅಲ್ಲೇ ವಸೂಲು.

ಕಾರು ತರುವವರಿಗೆ ಒಂದಿಷ್ಟು ಎಚ್ಚರಿಕೆ. ಇಳಿತದ ಹೊತ್ತಿನಲ್ಲಿ ದೋಣಿ ಇಳಿಜಾರಿನ ಕೆಳತುದಿಗೆ ಬರುತ್ತದೆ. ಇಳಿಜಾರಿಗೂ ದೋಣಿಯ ಹಲಗೆಗೂ ನಡುವಿನ ಕೋನ ಆಗ ಹೆಚ್ಚು ಮೊನಚು. ನೆಲಕ್ಕೆ ತಗ್ಗಿದ ಕಾರು, ಹಿಂದೆ ಸೈಕಲ್ ಸ್ಟ್ಯಾಂಡ್ ಕಟ್ಟಿದ ಕಾರು, ಉದ್ದನೆಯ ಕ್ಯಾಂಪರ್ ವ್ಯಾನ್ ಇವುಗಳ ಬುಡ ತಾಗುವುದು ಇಲ್ಲೇ. ಮೊದಲ ಗೇರಿನಲ್ಲಿ, ಬ್ರೇಕ್ ಒತ್ತದೆ, ನಿಧಾನವಾಗಿ ಇಳಿಸಿ. ಕೆಳತುದಿಯ ಸಿಮೆಂಟು ದಿನಕ್ಕೆರಡು ಸಲ ನೀರಿನಲ್ಲಿ ಮುಳುಗುವುದರಿಂದ ಪಾಚಿ ಹಿಡಿದಿರುತ್ತದೆ. ಅಲ್ಲಿ ಬ್ರೇಕ್ ಒತ್ತಿದರೆ ಚಕ್ರ ನಿಂತರೂ ಕಾರು ನಿಲ್ಲುವುದಿಲ್ಲ. ನಡೆದು ಹೋಗುವವರಿಗೂ ಇದೇ ಮಾತು: ಕಪ್ಪು-ಹಸಿರು ಪಟ್ಟಿಯ ಮೇಲೆ ಕಾಲಿಡಬೇಡಿ, ಒಣಗಿದ ಬಿಳಿ ಭಾಗದಲ್ಲೇ ಕಾಯಿರಿ. ದೋಣಿಯ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು ಎಂಜಿನ್ ನಿಲ್ಲಿಸಿ. ಬೇಸಿಗೆಯ ಸಂಜೆ ಗಾಳಿ ನಿಂತರೆ ಮಿಡ್ಜ್ ಎಂಬ ನುಸಿ ಮುತ್ತುತ್ತದೆ. ಸಾಸಿವೆಗಿಂತ ಸಣ್ಣದು, ಕಚ್ಚಿದ ಜಾಗ ಎರಡು ದಿನ ತುರಿಸುತ್ತದೆ. ಸಾಲಿನಲ್ಲಿ ಕಾಯುವಾಗ ಕಿಟಕಿ ಏರಿಸಿಕೊಳ್ಳಿ.

ಫೆರಿಯಿಂದ ಕಾಣುವ ಇನ್ನೆರಡು ಸಂಗತಿ. ತಲೆಯ ಮೇಲೆ ವಿದ್ಯುತ್ ತಂತಿ ದ್ವೀಪದಿಂದ ದ್ವೀಪಕ್ಕೆ ಹಾದಿದೆ. ನೀರಿನಿಂದ 35 ಮೀಟರ್ ಎತ್ತರ, ಹಾಯಿದೋಣಿಯ ಕಂಬ ಇದರಡಿ ಹಾಯಬೇಕು. ಪಶ್ಚಿಮಕ್ಕೆ ನೋಡಿದರೆ ಜಲಸಂಧಿ ನೇರವಾಗಿಲ್ಲ, ನಾಯಿಯ ಹಿಂಗಾಲಿನಂತೆ ಮುರಿದುಕೊಂಡಿದೆ. ಮುರಿದುಕೊಂಡ ಜಾಗದಲ್ಲಿ, ಲಿಂಗ್‌ನ ಉತ್ತರ ತುದಿಯ ಹತ್ತಿರ, ಕ್ಲೇಟ್ ಬಂಡೆ. ಅದರ ಮೇಲೊಂದು ಗುರುತಿನ ಕಂಬ. ಸ್ವಂತ ದೋಣಿ ತರುವವರು ಎಡವುವುದು ಇಲ್ಲೇ. ಸೆಳವಿನ ಜೊತೆ ಏಳು ನಾಟ್‌ನಲ್ಲಿ ಬರುವಾಗ ತಿರುವು ಕಣ್ಣಿಗೆ ಬಿದ್ದ ಮೇಲೆ ಯೋಚಿಸಲು ಸಮಯ ಸಿಗುವುದಿಲ್ಲ, ನೀರು ಬಂಡೆಯ ಕಡೆಗೇ ತಳ್ಳುತ್ತಿರುತ್ತದೆ. ಅದಕ್ಕೇ ತಿಳಿದವರು ಸೆಳವು ತಿರುಗುವ ಹೊತ್ತಿಗೇ ಬರುತ್ತಾರೆ.

ಆ ಹೊತ್ತನ್ನು ಕಂಡುಹಿಡಿಯುವುದು ಹೇಗೆ ಎಂಬುದೇ ಈ ಬರಹದ ಮುಖ್ಯ ವಿಷಯ. ರಿಬ್ ಟಿಕೆಟ್ ತೆಗೆಯುವವರಿಗೂ ಇದೇ ಲೆಕ್ಕ ಬೇಕು.

ಎಲ್ಲದಕ್ಕೂ ಬುಡ ಓಬನ್ ಬಂದರಿನ ಉಬ್ಬರದ ತುದಿ. ಕುವಾನಿನಲ್ಲಿ ಪಶ್ಚಿಮಕ್ಕೆ ಹೋಗುವ ಸೆಳವು ಓಬನ್ ಉಬ್ಬರದ ತುದಿಯಾಗಿ 4 ಗಂಟೆ 20 ನಿಮಿಷಕ್ಕೆ ಶುರುವಾಗುತ್ತದೆ, ಮುಂದಿನ ತುದಿಗೆ 2 ಗಂಟೆ ಇರುವಾಗ ಪೂರ್ವಕ್ಕೆ ತಿರುಗುತ್ತದೆ. ಕಾರಿವ್ರೆಕನ್ನಿನಲ್ಲಿ 4 ಗಂಟೆ 10 ನಿಮಿಷಕ್ಕೆ ಶುರು, 2 ಗಂಟೆ 10 ನಿಮಿಷ ಇರುವಾಗ ತಿರುವು. ಒಂದು ಉದಾಹರಣೆ ಹಾಕಿ ನೋಡಿ. ಪಟ್ಟಿಯಲ್ಲಿ ಓಬನ್ ಉಬ್ಬರ ಬೆಳಗ್ಗೆ 5.50 ಎಂದಿದೆ. ಪಟ್ಟಿ ಗ್ರೀನಿಚ್ ಸಮಯದಲ್ಲಿದ್ದರೆ ಬೇಸಿಗೆಯಲ್ಲಿ ಒಂದು ಗಂಟೆ ಕೂಡಿಸಬೇಕು, 6.50 ಆಯಿತು. ಇದನ್ನು ಮರೆಯುವವರೇ ಹೆಚ್ಚು. ಕಾರಿವ್ರೆಕನ್ನಿನಲ್ಲಿ ಪಶ್ಚಿಮದ ಓಟ 11 ಗಂಟೆಗೆ ಶುರು. ಮುಂದಿನ ಉಬ್ಬರ ಹನ್ನೆರಡೂವರೆ ಗಂಟೆಗೆ ಸ್ವಲ್ಪ ಕಡಿಮೆ ಕಳೆದು ಸಂಜೆ 7.15ಕ್ಕೆ, ಹಾಗಾಗಿ ಓಟ ಮುಗಿಯುವುದು 5.05ಕ್ಕೆ. ನಡುಮಧ್ಯ ಮಧ್ಯಾಹ್ನ 2 ಗಂಟೆ. ಸುಳಿ ನೋಡಬೇಕಾದವರು ದೋಣಿಯಲ್ಲಿ ಅಲ್ಲಿರಬೇಕಾದದ್ದು ಒಂದರಿಂದ ಮೂರರೊಳಗೆ. ಹನ್ನೊಂದಕ್ಕೆ ಅಲ್ಲಿಗೆ ಮುಟ್ಟುವ ಟ್ರಿಪ್ ಎಂದರೆ ಸೆಳವು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುತ್ತದೆ.

ಇನ್ನು ದಿನ ಯಾವುದು? ಇಲ್ಲಿ ನಮ್ಮ ಪಂಚಾಂಗ ನೇರವಾಗಿ ಕೆಲಸಕ್ಕೆ ಬರುತ್ತದೆ. ಬ್ರಿಟನ್ನಿನ ಹೈಡ್ರೋಗ್ರಾಫಿಕ್ ಆಫೀಸಿನ ಈಜಿಟೈಡ್ ಜಾಲತಾಣ ಉಚಿತವಾಗಿ ಕೊಡುವುದು 7 ದಿನದ ಲೆಕ್ಕ. ಟಿಕೆಟ್ ತೆಗೆಯುವುದು ವಾರಗಟ್ಟಲೆ ಮುಂಚೆ. ಗೋಡೆಯ ಕ್ಯಾಲೆಂಡರಿನಲ್ಲಿ ವರ್ಷವಿಡೀ ತಿಥಿ ಇದ್ದೇ ಇದೆ. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ, ಅಂದರೆ ಬಿದಿಗೆ-ತದಿಗೆಯ ಸುಮಾರಿಗೆ, ದೊಡ್ಡ ಉಬ್ಬರ. ಓಬನ್‌ನಲ್ಲಿ ಆಗ ನೀರು ಏರಿಳಿಯುವುದು ಸರಾಸರಿ 3.3 ಮೀಟರ್. ಅಷ್ಟಮಿ ಕಳೆದ ನವಮಿ-ದಶಮಿಗೆ ಸಣ್ಣ ಉಬ್ಬರ, ಆಗ ಬರೀ 1.1 ಮೀಟರ್. ಮೂರರಲ್ಲೊಂದು! ಸಣ್ಣ ಉಬ್ಬರದ ದಿನ ನಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. ಓಬನ್‌ನಲ್ಲಿ ದೊಡ್ಡ ಉಬ್ಬರದ ತುದಿ ಯಾವಾಗಲೂ ಬೆಳಗ್ಗೆ-ಸಂಜೆ ಆರು, ಏಳರ ಸುಮಾರಿಗೆ ಬರುತ್ತದೆ. ಸಣ್ಣ ಉಬ್ಬರದ ತುದಿ ಬರುವುದು ನಡುಹಗಲಿನಲ್ಲಿ. ಮೇಲಿನ ಲೆಕ್ಕ ಹಾಕಿದರೆ ನವಮಿಯ ದಿನ ಪ್ರವಾಸಿ ದೋಣಿ ಓಡುವ ಹೊತ್ತೆಲ್ಲ ನೀರು ಪೂರ್ವಕ್ಕೆ ಹರಿಯುತ್ತಿರುತ್ತದೆ. ಕಾರಿವ್ರೆಕನ್ನಿನ ದೊಡ್ಡ ಸುಳಿ ಏಳುವುದು ಪಶ್ಚಿಮದ ಓಟದಲ್ಲಿ. ಹಾಗಾಗಿ ಆ ದಿನ ಶಕ್ತಿಯೂ ಇಲ್ಲ, ದಿಕ್ಕೂ ಸರಿಯಿಲ್ಲ.

ವರ್ಷದಲ್ಲಿ ಅತಿ ದೊಡ್ಡ ಉಬ್ಬರ ಮಾರ್ಚ್ ಮತ್ತು ಸೆಪ್ಟೆಂಬರ್ ವಿಷುವದ ಆಸುಪಾಸು. ಮಾರ್ಚಿನಲ್ಲಿ ಅಲ್ಲಿ ಚಳಿ ಬಿಟ್ಟಿರುವುದಿಲ್ಲ, ಸಮುದ್ರದ ನೀರು 7 ಡಿಗ್ರಿಯ ಹತ್ತಿರ. ಸೆಪ್ಟೆಂಬರಿನಲ್ಲಿ 13 ಡಿಗ್ರಿಯಷ್ಟಿರುತ್ತದೆ. ಆದ್ದರಿಂದ ಒಂದೇ ದಿನ ಆರಿಸಿ ಎಂದರೆ ಉತ್ತರ ಸಿದ್ಧ: ಮಹಾಲಯ ಅಮಾವಾಸ್ಯೆ ಕಳೆದು ನವರಾತ್ರಿಯ ಎರಡನೆಯ ಅಥವಾ ಮೂರನೆಯ ದಿನ, ಮಧ್ಯಾಹ್ನದ ಟ್ರಿಪ್. ಅದು ಆಗದಿದ್ದರೆ ಸೆಪ್ಟೆಂಬರ್ ತಿಂಗಳಿನ ಯಾವುದೇ ಹುಣ್ಣಿಮೆ ಕಳೆದ ತದಿಗೆ.

ಟಿಕೆಟ್ ತೆಗೆಯುವಾಗ ಕೇಳಬೇಕಾದ ಪ್ರಶ್ನೆ ‘ಸುಳಿ ಕಾಣಿಸುತ್ತದೆಯೇ’ ಎಂದಲ್ಲ. ಅದಕ್ಕೆ ಯಾರೂ ಇಲ್ಲ ಎನ್ನುವುದಿಲ್ಲ. ‘ದೋಣಿ ಕಾರಿವ್ರೆಕನ್ನಿನಲ್ಲಿರುವಾಗ ನೀರು ಪಶ್ಚಿಮಕ್ಕೆ ಓಡುತ್ತಿರುತ್ತದೆಯೇ, ಓಟ ಶುರುವಾಗಿ ಎಷ್ಟು ಹೊತ್ತಾಗಿರುತ್ತದೆ’ ಎಂದು ಕೇಳಿ. ಇದಕ್ಕೆ ನೇರ ಉತ್ತರ ಕೊಡುವವರ ದೋಣಿ ಹತ್ತಿ. ಸಾಮಾನ್ಯ ಪ್ರಾಣಿ-ಪಕ್ಷಿ ವೀಕ್ಷಣೆಯ ಟ್ರಿಪ್ ಬೇರೆ, ಸುಳಿಗೆಂದೇ ತಾರೀಖು ನೋಡಿ ಇಟ್ಟ ಟ್ರಿಪ್ ಬೇರೆ. ಎರಡನೆಯದೇ ಬೇಕು. ಕರಪತ್ರಗಳಲ್ಲಿ ಕಾಣುವ ಒಂದು ಮಾತನ್ನು ನಂಬಬೇಡಿ: ಬ್ರಿಟಿಷ್ ನೌಕಾಪಡೆ ಕಾರಿವ್ರೆಕನ್ನನ್ನು ಸಂಚಾರಕ್ಕೆ ಅಸಾಧ್ಯವೆಂದು ಘೋಷಿಸಿದೆ ಎನ್ನುವುದು. ಹಾಗೇನೂ ಇಲ್ಲ. ನಾವಿಕರಿಗೆಂದು ಇರುವ ಅಡ್ಮಿರಾಲ್ಟಿಯ ಮಾರ್ಗದರ್ಶಿ ಪುಸ್ತಕ ಇದನ್ನು ಬಹಳ ಅಪಾಯದ್ದೆಂದು ಹೇಳಿ, ಜಾಗದ ಪರಿಚಯವಿಲ್ಲದವರು ಸೆಳವು ಜೋರಿರುವ ಹೊತ್ತಿನಲ್ಲಿ ಹೋಗಬಾರದು ಎನ್ನುತ್ತದೆ, ಅಷ್ಟೆ. ನೀರು ನಿಂತ ಹೊತ್ತಿನಲ್ಲಿ ಹಾಯಿದೋಣಿಗಳು ಆರಾಮವಾಗಿ ಹಾದುಹೋಗುತ್ತವೆ. ಸಣ್ಣ ಉಬ್ಬರದಲ್ಲಿ ಆ ನಿಲುಗಡೆ ಹೆಚ್ಚುಕಡಿಮೆ ಒಂದು ಗಂಟೆ, ದೊಡ್ಡ ಉಬ್ಬರದಲ್ಲಿ 15 ನಿಮಿಷ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಹೆಸರುವಾಸಿ ಉದಾಹರಣೆ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್. ಜೂರಾದ ಉತ್ತರ ತುದಿಯ ಬಾರ್ನ್‌ಹಿಲ್ ಮನೆಯಲ್ಲಿದ್ದಾಗ, 1947ರ ಆಗಸ್ಟಿನಲ್ಲಿ, ಉಬ್ಬರದ ಪಟ್ಟಿಯನ್ನು ತಪ್ಪಾಗಿ ಓದಿ, ಮೂರು ವರ್ಷದ ಮಗನನ್ನೂ ಅಕ್ಕನ ಮಕ್ಕಳನ್ನೂ ಕೂರಿಸಿಕೊಂಡು ಈ ನೀರಿಗೆ ಬಂದರು. ಎಂಜಿನ್ ಕಳಚಿ ನೀರುಪಾಲಾಯಿತು, ಬಂಡೆಯೊಂದರ ಹತ್ತಿರ ದೋಣಿ ಮಗುಚಿತು. ಸಿಗಡಿ-ನಳ್ಳಿ ಹಿಡಿಯಲು ಬಂದ ಮೀನುಗಾರರು ನೋಡಿ ಕರೆದೊಯ್ದರು. ಪಟ್ಟಿಯನ್ನು ಓದುವುದಕ್ಕಿಂತ ಇನ್ನೊಮ್ಮೆ ಓದುವುದು ಮುಖ್ಯ.

ಟ್ರಿಪ್ಪಿನಲ್ಲಿ ಕಾಣುವುದೇನು? ನೀರಿನಲ್ಲಿ ಬಾವಿಯಂಥ ಒಂದು ದೊಡ್ಡ ಗುಂಡಿ ಸದಾ ತಿರುಗುತ್ತಿರುತ್ತದೆ ಎಂದುಕೊಂಡು ಹೋದವರು ಮುಖ ಸಪ್ಪೆ ಮಾಡಿಕೊಂಡು ಬರುತ್ತಾರೆ. ಕಾರಿವ್ರೆಕನ್ನಿನ ತಳ ಕೆಲವೆಡೆ 219 ಮೀಟರ್ ಆಳ. ಸ್ಕಾರ್ಬಾ ಬದಿಗೆ ತಳದಿಂದ ಕಲ್ಲಿನ ಗೋಪುರವೊಂದು ಎದ್ದು ನೀರಿನ ಮೇಲ್ಮೈಗೆ 29 ಮೀಟರ್ ಇರುವಲ್ಲಿ ನಿಂತಿದೆ. ಓಡುವ ನೀರು ಇದಕ್ಕೆ ಹಾಯ್ದು ಮೇಲಕ್ಕೆ ಚಿಮ್ಮುತ್ತದೆ, ಆಚೆಗೆ ತಿರುಗುತ್ತದೆ. ಮೇಲಿನಿಂದ ಕಾಣುವುದು ಮೊದಲು ನುಣುಪಾದ ವೃತ್ತಗಳು. ಅನ್ನದ ಗಂಜಿ ಕುದಿಯುವಾಗ ಪಾತ್ರೆಯ ನಡುವೆ ಉಕ್ಕಿ ಅಂಚಿಗೆ ಸರಿಯುತ್ತದಲ್ಲ, ಹಾಗೆ. ಅಗಲ ಮಾತ್ರ ಒಂದು ಅಂಗಳದಷ್ಟು. ಗಾಜಿನಂತೆ ಹೊಳೆಯುವ ಆ ವೃತ್ತದ ಮೇಲೆ ಒಂದು ಅಲೆಯೂ ಇರುವುದಿಲ್ಲ, ಅಂಚಿನಲ್ಲಿ ಮಾತ್ರ ನೊರೆಯ ಗೆರೆ. ಎರಡು ವೃತ್ತಗಳ ಅಂಚು ಉಜ್ಜುವ ಜಾಗದಲ್ಲಿ ಸುಳಿ ಹುಟ್ಟುತ್ತದೆ. ಮೊದಲು ತಟ್ಟೆಯಂತೆ ಸಣ್ಣ ತಗ್ಗು, ಆಮೇಲೆ ನೊರೆ ಅದರೊಳಗೆ ಸುತ್ತತೊಡಗುತ್ತದೆ, ನಡುವೆ ತೂತು ಬೀಳುತ್ತದೆ, ಸೊರ್ ಎಂದು ಗಾಳಿ ಎಳೆದುಕೊಳ್ಳುವ ಸದ್ದು. ಅಷ್ಟರಲ್ಲಿ ಅದು ಪಶ್ಚಿಮಕ್ಕೆ ಜರುಗಿ ಮಾಯ. ಪಕ್ಕದಲ್ಲಿ ಇನ್ನೊಂದು. ರಿಬ್ ನಡೆಸುವವರು ಎಂಜಿನ್ ತಗ್ಗಿಸಿದಾಗ ದೋಣಿ ತಾನಾಗಿಯೇ ತಿರುಗುವುದು ಗೊತ್ತಾಗುತ್ತದೆ. ದಡದ ಬೆಟ್ಟ ನೋಡುತ್ತಿದ್ದರೆ ಮಾತ್ರ ಗೊತ್ತಾಗುತ್ತದೆ, ನೀರನ್ನೇ ನೋಡುತ್ತಿದ್ದರೆ ಇಲ್ಲ.

ದೊಡ್ಡ ಅಲೆ ಏಳಬೇಕಾದರೆ ಸೆಳವಿಗೆ ಎದುರು ಗಾಳಿ ಬೇಕು. ಪಶ್ಚಿಮಕ್ಕೆ ಓಡುವ ನೀರಿಗೆ ಪಶ್ಚಿಮದಿಂದ ಬೀಸುವ ಗಾಳಿ ಎದುರಾದರೆ ಅಲೆಗಳು ಇಕ್ಕಟ್ಟಾಗಿ, ಕಡಿದಾಗಿ, ಇದ್ದಲ್ಲೇ ಮುರಿಯುತ್ತವೆ. ಆ ದಿನ ಚಿತ್ರ ಭರ್ಜರಿ, ಟ್ರಿಪ್ ಮಾತ್ರ ರದ್ದು. ರದ್ದು ಮಾಡಿದರೆಂದು ಜಗಳ ತೆಗೆಯಬೇಡಿ. ಇಂಥ ದಿನವೂ ಹೊರಡುತ್ತೇವೆ ಎನ್ನುವವರ ದೋಣಿಯನ್ನೇ ಬಿಡಬೇಕು. ಆದ್ದರಿಂದ ಅಲ್ಲಿ ಎರಡು ರಾತ್ರಿ ಉಳಿಯುವಂತೆ ಹೊಂದಿಸಿಕೊಳ್ಳಿ. ಬಿದಿಗೆ ತಪ್ಪಿದರೆ ತದಿಗೆ ಸಿಗುತ್ತದೆ.

ನೋಡಲು ಅತ್ಯುತ್ತಮ ಯಾವುದು ಎಂದರೆ, ನಮ್ಮ ಮತ ಗ್ರೇ ಡಾಗ್ಸ್‌ಗೆ. ಕಾರಿವ್ರೆಕನ್ ಒಂದು ಕಿಲೋಮೀಟರ್ ಅಗಲ, ಕಣ್ಣಿಗೆ ಹಿಡಿಯುವುದು ಕಷ್ಟ. ಗ್ರೇ ಡಾಗ್ಸ್ ಸುಮಾರು 200 ಮೀಟರ್, ನಡುವೆ ಒಂದು ಪುಟ್ಟ ನಡುಗಡ್ಡೆ ಬೇರೆ. ಸೆಳವು ಎಂಟು ನಾಟ್ ಮುಟ್ಟುತ್ತದೆ. ಓಟದ ನಡುಹೊತ್ತಿನಲ್ಲಿ ಇಲ್ಲಿ ಸಮುದ್ರ ಇಳಿಜಾರಾಗಿರುವುದು ಬರಿಗಣ್ಣಿಗೆ ಕಾಣುತ್ತದೆ. ಪೂರ್ವದ ನೀರು ಮೇಲೆ, ಪಶ್ಚಿಮದ ನೀರು ಕೆಳಗೆ, ನಡುವೆ ಹೊಳೆಯಂತೆ ಜಾರುವ ನಾಲಿಗೆ. ಸಮುದ್ರ ಎಂದರೆ ಮಟ್ಟಸ ಎಂದು ನಂಬಿದ ಕಣ್ಣಿಗೆ ಇದು ಒಂದು ಕ್ಷಣ ಅರ್ಥವಾಗುವುದಿಲ್ಲ.

ರಿಬ್ಬಿನಲ್ಲಿ ಆಸನ ಕುದುರೆಯ ಜೀನಿನಂತೆ, ಕಾಲು ಆಚೀಚೆ ಹಾಕಿ ಕೂರಬೇಕು. ಸೀರೆ, ಉದ್ದಲಂಗ ಆಗುವುದಿಲ್ಲ. ಮುಂದಿನ ಸಾಲು ಅಲೆಗೆ ಎತ್ತಿ ಕುಕ್ಕುತ್ತದೆ. ಬೆನ್ನು, ಕುತ್ತಿಗೆ ನೋವಿನವರು ಹಿಂದಿನ ಸಾಲು ಕೇಳಿ ಪಡೆಯಬೇಕು, ನೋವು ಹೆಚ್ಚಿದ್ದರೆ ಹತ್ತಲೇಬಾರದು. ಗರ್ಭಿಣಿಯರನ್ನು ಹತ್ತಿಸುವುದಿಲ್ಲ. ಅಲೆ ಬರುವಾಗ ಮೊಣಕಾಲು ಮಡಿಸಿ ತುಸು ಎದ್ದು ನಿಂತರೆ ಏಟು ಕಾಲಿಗೆ ಹೋಗುತ್ತದೆ, ಬೆನ್ನಿಗೆ ತಾಗುವುದಿಲ್ಲ. ಮೇಲಂಗಿ, ಜೀವರಕ್ಷಕ ಜಾಕೆಟ್ ಅವರೇ ಕೊಡುತ್ತಾರೆ. ಒಳಗೆ ಉಣ್ಣೆಯದು ಎರಡು ಪದರ ಹಾಕಿ. ಹತ್ತಿ ಬಟ್ಟೆ ಒದ್ದೆಯಾದರೆ ಮೈಗೆ ಅಂಟಿ ಚಳಿ ಹಿಡಿಸುತ್ತದೆ. ಆಗಸ್ಟಿನಲ್ಲೂ ಕೈಗವಸು ಬೇಕು. ಕನ್ನಡಕಕ್ಕೆ ದಾರ, ಫೋನಿಗೆ ಕೊರಳಿನ ಚೀಲ. ವಾಂತಿಯ ಭಯ ಇದ್ದವರು ಸಿನ್ನರಿಜಿನ್ ಮಾತ್ರೆಯನ್ನು ಹೊರಡುವ ಎರಡು ಗಂಟೆ ಮೊದಲು ತೆಗೆದುಕೊಳ್ಳಬೇಕು, ದೋಣಿ ಹತ್ತಿದ ಮೇಲೆ ನುಂಗಿ ಪ್ರಯೋಜನವಿಲ್ಲ. ಬೇರೆ ಮಾತ್ರೆ ಸೇವಿಸುವವರು ಔಷಧಿ ಅಂಗಡಿಯಲ್ಲಿ ಕೇಳಿಕೊಳ್ಳಿ. ಹಸಿದ ಹೊಟ್ಟೆಯಲ್ಲಿ ಹೋಗುವುದೂ ತಪ್ಪು. ಒಂದು ಮುಷ್ಟಿ ಒಗ್ಗರಣೆ ಅವಲಕ್ಕಿ, ಎರಡು ಚಪಾತಿ ಸಾಕು. ಎಣ್ಣೆ ಪದಾರ್ಥ ಬೇಡ. ಊಟ ಕಟ್ಟಿಕೊಂಡೇ ಹೋಗುವುದು ಜಾಣತನ, ಸಸ್ಯಾಹಾರಿಗಳಿಗೆ ಆ ಕಡೆ ಆಯ್ಕೆ ಕಡಿಮೆ.

ಸೀಲ್‌ಗೆ ಹೋಗುವ ದಾರಿಯೂ ಸೊಗಸು. ಓಬನ್‌ನಿಂದ ಎ816ರಲ್ಲಿ ಕಿಲ್ನಿನ್ವರ್ ತನಕ, ಅಲ್ಲಿ ಬಲಕ್ಕೆ ಬಿ844. ಮುಂದೆ ಕ್ಲಾಖನ್ ಸೇತುವೆ, 1792–93ರಲ್ಲಿ ಕಟ್ಟಿದ ಒಂದೇ ಕಮಾನಿನ ಕಲ್ಲುಸೇತುವೆ. ಅಡಿಯಲ್ಲಿ ಹರಿಯುವುದು ಅಟ್ಲಾಂಟಿಕ್‌ನ ನೀರೇ ಆದ್ದರಿಂದ ಜನ ಇದನ್ನು ಅಟ್ಲಾಂಟಿಕ್ ಮೇಲಿನ ಸೇತುವೆ ಎನ್ನುತ್ತಾರೆ. ಬಾಲ್ವಿಕರ್ ದಾಟಿದ ಮೇಲೆ ಬಿ8003 ಕುವಾನ್ ಫೆರಿಗೆ, ನೇರ ಹೋದರೆ ಎಲೆನಬೀಚ್. ರಸ್ತೆ ಒಂದೇ ಗಾಡಿಯ ಅಗಲ. ಎದುರಿನಿಂದ ಗಾಡಿ ಬಂದರೆ ತಂಗುಜಾಗ ನಿಮ್ಮ ಎಡಕ್ಕಿದ್ದರೆ ಒಳಗೆ ನುಗ್ಗಿ, ಬಲಕ್ಕಿದ್ದರೆ ಅದರ ಎದುರಿಗೆ ರಸ್ತೆಯಲ್ಲೇ ನಿಲ್ಲಿ. ಬಲಕ್ಕೆ ದಾಟಿ ನಿಲ್ಲಿಸಬಾರದು. ಕಾರಿಲ್ಲದವರಿಗೆ ಓಬನ್‌ನಿಂದ 418 ನಂಬರಿನ ಬಸ್ಸಿದೆ, ಸಂಖ್ಯೆ ಕಡಿಮೆ.

ಲಿಂಗ್‌ನಲ್ಲಿ ನೋಡಲು ಕಲ್ಲಿಪೂಲ್ ಊರು. ಕನ್ನಡದ ಕಿವಿಗೆ ಹೆಸರಿನಲ್ಲೇ ಕಲ್ಲು ಕೇಳಿಸುತ್ತದೆ, ಊರೂ ಹಾಗೆಯೇ. ನಮ್ಮ ಮನೆಗಳಿಗೆ ಮಂಗಳೂರು ಹೆಂಚು ಹೇಗೋ ಸ್ಕಾಟ್ಲೆಂಡಿಗೆ ಈ ದ್ವೀಪಗಳ ಸ್ಲೇಟು ಹಾಗೆ. ಐಯೋನಾದ ಪ್ರಾಚೀನ ಇಗರ್ಜಿಯ ಚಾವಣಿಗೂ ಇಲ್ಲಿನ ಸ್ಲೇಟು ಹೋಗಿದೆ. ಗಣಿಗಳು ಈಗ ನೀರು ತುಂಬಿದ ಹೊಂಡಗಳು. ಲಿಂಗ್ ಹೆಸರಿನ ಕೆಂಗಂದು ದನದ ತಳಿಯೂ ಈ ದ್ವೀಪದ್ದೇ, 1965ರಲ್ಲಿ ಸರ್ಕಾರದ ಮಾನ್ಯತೆ ಪಡೆದದ್ದು. ಇಳಿಜಾರಿನಿಂದ ಕಲ್ಲಿಪೂಲ್‌ಗೆ ಅರ್ಧ-ಮುಕ್ಕಾಲು ಗಂಟೆಯ ನಡಿಗೆ, ಕಾರು ಈಚೆಯೇ ಬಿಟ್ಟು ನಡೆದುಹೋದರೆ ಸಾಲಿನಲ್ಲಿ ಕಾಯುವ ತಾಪತ್ರಯವಿಲ್ಲ.

ಅಂಕ ಕೊಡುವುದಾದರೆ ಕುವಾನ್ ಫೆರಿಗೆ ಐದಕ್ಕೆ ನಾಲ್ಕೂವರೆ. ರಿಬ್ ಟ್ರಿಪ್ಪಿಗೆ ತದಿಗೆಯ ಮಧ್ಯಾಹ್ನ ಐದು, ನವಮಿಗೆ ಎರಡು. ಆ ಎರಡೂ ಅಂಕ ದಡದ ಬಂಡೆಯ ಸೀಲ್ ಪ್ರಾಣಿಗಳಿಗೆ, ಬಿಳಿಬಾಲದ ಸಮುದ್ರ ಹದ್ದಿಗೆ, ಸ್ಕಾರ್ಬಾದ ಕೆಂಜಿಂಕೆಗಳಿಗೆ ಸೇರಬೇಕು. ಎರಡನ್ನೂ ಒಂದೇ ದಿನ ಮಾಡುವುದಾದರೆ ಬೆಳಗ್ಗೆ ಫೆರಿ ದಾಟಿ ಲಿಂಗ್ ಸುತ್ತಿ, ಹನ್ನೊಂದರ ಸುಮಾರಿಗೆ ಕುವಾನಿನಲ್ಲಿ ನೀರು ತಿರುಗುವುದನ್ನು ಇಳಿಜಾರಿನಿಂದ ನೋಡಿ. ನೀರಿನ ಮೇಲೆ ತೇಲುವ ಕಡಲಪಾಚಿಯ ತುಂಡೊಂದನ್ನು ಗುರುತಿಟ್ಟುಕೊಳ್ಳಿ: ಪೂರ್ವಕ್ಕೆ ಹೋಗುತ್ತಿದ್ದದ್ದು ನಿಧಾನಿಸಿ, ಐದಾರು ನಿಮಿಷ ಎತ್ತಲೂ ಹೋಗದೆ ನಿಂತು, ಬಂದ ದಾರಿಯಲ್ಲೇ ವಾಪಸ್ ಹೊರಡುತ್ತದೆ. ಆಮೇಲೆ ಫೆರಿ ಹತ್ತಿ ಈಚೆ ಬಂದರೆ ಎಲೆನಬೀಚಿನಿಂದ ಮಧ್ಯಾಹ್ನ ಹೊರಡುವ ದೋಣಿಗೆ ಸಮಯ ಸರಿಯಾಗಿರುತ್ತದೆ. ಕ್ರಮ ಉಲ್ಟಾ ಮಾಡಿ ಸಂಜೆ ಕಾರಿನ ಸಮೇತ ಲಿಂಗ್‌ಗೆ ಹೋಗುವವರು ಕೊನೆಯ ಕಾರು ದೋಣಿಯ ಸಮಯವನ್ನು ಇಳಿಜಾರಿನ ಫಲಕದಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಅದು ತಪ್ಪಿದರೆ ನೀವು ಈಚೆ, ಕಾರು ಬೆಳಗಿನವರೆಗೆ ಆಚೆ.